ಎದುರು ಮನೆಯವರ ಧ್ಯಾನ

ಪುಟ್ಟೇನಹಳ್ಳಿಯ ನಮ್ಮ ಬೀದಿಯಲ್ಲಿ ಬೌದ್ಧರೆಂದರೆ ಎದುರು ಮನೆಯ ಗಂಡ ಹೆಂಡತಿ ಇಬ್ಬರೇ. ಅವರ ಗೃಹಪ್ರವೇಶಕ್ಕೆ ಬೀದಿಯವರೆಲ್ಲ ಸೇರಿ ಡೊಳ್ಳುಹೊಟ್ಟೆಯ ನಗುವ ಬೊಂಬೆಯೊಂದನ್ನು ಕೊಟ್ಟಿದ್ದರು. "ಬುದ್ಧ ಹೀಗಿರಲಿಲ್ಲ ಕಣ್ರೀ," ಎಂದು ಮನೆಯ ಯಜಮಾನರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ ಬೊಂಬೆಯನ್ನು ಟಿವಿಯ ಪಕ್ಕದಲ್ಲೇ ಇಟ್ಟರು. ಭಾನುವಾರ ಮೀನುಸಾರಿನ ವಾಸನೆ ಬಂದರೆ "ನೀವೂ ತಿಂತೀರಾ ಸಾರ್?" ಎಂದು ಯಾರಾದರೂ ಬೆರಗಾಗುತ್ತಿದ್ದರು. "ಬುದ್ಧ ಹಾಗೇನೂ ಹೇಳಿಲ್ಲ ಕಣ್ರೀ," ಎಂದು ಮತ್ತೆ ಕನ್ನಡಕ ಒರೆಸುತ್ತಿದ್ದರು.

ಹೋದ ವರ್ಷ ಅವರ ಹೆಂಡತಿ ತೀರಿಕೊಂಡರು. ನಾನು ಊರಿನಲ್ಲಿರಲಿಲ್ಲ. ಮರುದಿನ ಸಂಜೆ ಬಂದವನೇ ಅನ್ನ, ಸಾರು ಹಿಡಿದು ಹೊರಟೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನಮ್ಮ ಬೀದಿಯಲ್ಲಿ ಅಕ್ಕಪಕ್ಕದವರೇ ಊಟ ಒಯ್ದು, ಜೊತೆಗೆ ಕೂತು ಉಣ್ಣಿಸುವುದು ರೂಢಿ. ಗೇಟಿನ ಹತ್ತಿರ ಪಕ್ಕದ ಮನೆಯಾಕೆ ತಡೆದರು.

"ಈಗ ಹೋಗ್ಬೇಡಿ. ನಿನ್ನೆ ಸ್ಮಶಾನದಿಂದ ಬಂದವರೇ ಬಾಗಿಲು ಹಾಕ್ಕೊಂಡು ಧ್ಯಾನಕ್ಕೆ ಕೂತಿದಾರೆ. ಅವರು ಆಸೆ ಬಿಟ್ಟೋರು ಕಣ್ರೀ, ನಮ್ಮ ಥರ ದುಃಖ ಇರಲ್ಲ. ಅದಕ್ಕೇ ನಾವ್ಯಾರೂ ತೊಂದರೆ ಕೊಟ್ಟಿಲ್ಲ."

ಆಕೆಯ ದನಿಯಲ್ಲಿ ನಿಜವಾದ ಭಕ್ತಿ ಇತ್ತು.

ನಾನು ಬಾಗಿಲು ತಟ್ಟಿದೆ. ತೆರೆಯಲು ಸ್ವಲ್ಪ ಹೊತ್ತಾಯಿತು. ಅವರ ಕಣ್ಣು ಊದಿತ್ತು, ಒಳಗೆ ದೀಪ ಹಾಕಿರಲಿಲ್ಲ. ಗೇಟಿನ ಬಳಿ ನಿಂತಿದ್ದಾಕೆ ಅಲ್ಲಿಂದಲೇ ಅವರಿಗೆ ಕೈಮುಗಿದರು. ಅವರು ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು:

"ಬೀದಿಯವರಿಗೆ ನಮ್ಮಿಂದ ಏನಾದ್ರೂ ತಪ್ಪಾಗಿತ್ತಾ? ನಿನ್ನೆಯಿಂದ ಒಬ್ರೂ ಬರಲಿಲ್ಲ."