ಓನರ್ ಆಂಟಿಯ ಎಂಜಿನ್

ಕಳೆದ ತಿಂಗಳು ನಮ್ಮ ಬ್ರೂಕ್‌ಫೀಲ್ಡ್ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಮಗಳ ಬಾಣಂತನ. ಮಗುವಿಗೆ ಕಾಡಿಗೆ ಮಾಡಬೇಕೆಂದು ಆ ಮನೆಯ ಅಜ್ಜಿ ಬಾಲ್ಕನಿಯಲ್ಲಿ ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿದ್ದರು. ಲಿಫ್ಟಿನಿಂದ ಹೊರಬಂದವಳಿಗೆ ಸುಟ್ಟ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಆ ವಾಸನೆಯಿಂದ ತವರುಮನೆ ನೆನಪಾಗಬಹುದು. ನನಗೆ ನೆನಪಾದದ್ದು ಚಿಕ್ಕಬಾಣಾವರದ ಒಂದು ತಾರಸಿ, ಮುಷ್ಟಿಯೊಳಗೆ ಅಡಗುವಂಥ ಒಂದು ಎಂಜಿನ್, ಮತ್ತು ನಮ್ಮ ಓನರ್ ಆಂಟಿ…

ಆಗ ನಾನು ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ಚಿಕ್ಕಬಾಣಾವರದಲ್ಲಿ ಮಹಡಿಯ ಮೇಲಿನ ಮನೆ ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಮನೆಯ ಒಡತಿ ಒಬ್ಬರೇ ಇದ್ದರು. ಐಟಿಐಯಲ್ಲಿ ಹುಡುಗರಿಗೆ ಎಂಜಿನ್ ಪಾಠ ಹೇಳಿ ನಿವೃತ್ತರಾದವರು, ಹಾವೇರಿ ಕಡೆಯವರು. ಹಣೆಯ ತುಂಬ ವಿಭೂತಿ, ಒತ್ತಾಗಿ ಹೆಣೆದ ಬಿಳಿ ಜಡೆ, ಸೀರೆಯ ಮೇಲೆ ಗಂಡಸರ ಹಳೇ ಅಂಗಿ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಮಾತ್ರ ಊರಿನದೇ.

ಮನೆಗೆ ಬಂದ ಮೊದಲ ಶನಿವಾರವೇ ತಾರಸಿಯಿಂದ ಕಿವಿಗಡಚಿಕ್ಕುವ ಸದ್ದು ಕೇಳಿ ಗಾಬರಿಯಾಗಿ ಓಡಿದೆ. ಹಳೇ ಮೇಜಿಗೆ ಪುಟ್ಟ ಎಂಜಿನ್ ಒಂದನ್ನು ಬಿಗಿದು, ಅದರ ಹಿಂದೆ ಮಂಡಿಯೂರಿ ಕೂತಿದ್ದರು. ಪ್ರೊಪೆಲ್ಲರ್ ತಿರುಗಿ ಹೊಗೆಯೆಲ್ಲ ಅವರ ಸೆರಗಿಗೆ ಬಡಿಯುತ್ತಿತ್ತು.

"ಹೆದರಿದೇನವಾ?" ಎಂದು ನಕ್ಕರು. "ವಿಮಾನದ ಎಂಜಿನ್ ಇದು. ಆಟಿಗಿ ವಿಮಾನ ಅನ್ನಬ್ಯಾಡ ಮತ್ತ, ಸಿಟ್ ಬರ್ತದ ನನಗ."

ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗ ಹತ್ತಿದ ಹುಚ್ಚಂತೆ. ಮದುವೆ, ಕೆಲಸ, ಮಗಳು, ಗಂಡನ ಸಾವು… ಯಾವುದರ ನಡುವೆಯೂ ಅದು ಬಿಟ್ಟಿರಲಿಲ್ಲ. ಊರಾಚೆ ಸೈಟು ಮಾಡಿ ಹಾಗೇ ಬಿಟ್ಟಿದ್ದ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಕೆಲವರು ಮಾದರಿ ವಿಮಾನ ಹಾರಿಸಲು ಸೇರುತ್ತಿದ್ದರು. ಬಹುಮಂದಿಯದು ಬ್ಯಾಟರಿ ವಿಮಾನ. ಎಂಜಿನ್ ತರುತ್ತಿದ್ದವರು, ಸೀರೆ ಉಟ್ಟು ಬರುತ್ತಿದ್ದವರು, ಎರಡೂ ಆಂಟಿ ಒಬ್ಬರೇ.

ಅವರಿಂದ ನಾನು ಕಾರ್ಬ್ಯುರೇಟರ್ ಅಂದರೇನೆಂದು ಕಲಿತೆ. ಗಾಳಿ ಹೋಗುವ ಒಂದು ಕೊಳವೆ, ಅದರೊಳಗೆ ಇಂಧನ ಜಿನುಗುವ ತೂತು, ಆ ತೂತನ್ನು ಹೆಚ್ಚು ಕಡಿಮೆ ಮಾಡುವ ಒಂದು ಸೂಜಿ. ಸೂಜಿಯ ತಲೆಯಲ್ಲಿ ತಿರುಪು. ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿದ್ದು ಇಂಧನ. "ಹೆಚ್ಚು ಉಣಿಸಿದ್ರ ಕೆಮ್ಮತೈತಿ. ಕಡಿಮಿ ಉಣಿಸಿದ್ರ ಚೀರಿ ಚೀರಿ ಕಾಯ್ದು ಸಾಯ್ತೈತಿ," ಎನ್ನುತ್ತಿದ್ದರು. ಓಡುವ ಎಂಜಿನ್ನಿನ ಇಂಧನದ ನಳಿಗೆಯನ್ನು ಎರಡು ಬೆರಳಲ್ಲಿ ಒಂದು ಚಿಟಿಕೆ ಹಿಸುಕಿ ಬಿಡುವರು. ಸದ್ದು ಕ್ಷಣ ಏರಿ ಮತ್ತೆ ಇಳಿದರೆ ಸರಿ. ಹಿಸುಕಿದ ಕೂಡಲೇ ಸೊರಗಿದರೆ ಸೂಜಿಯನ್ನು ಇನ್ನಷ್ಟು ತೆರೆಯಬೇಕು. ಆಮೇಲೆ ವಿಮಾನದ ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದು ಇನ್ನೊಮ್ಮೆ ಕೇಳಬೇಕು. ಎಲ್ಲವೂ ಕಿವಿಯ ಕೆಲಸ.

ಹಾರಿಸಿ ಬಂದ ಮೇಲೆ ಟ್ಯಾಂಕಿನಲ್ಲಿ ಒಂದು ಹನಿ ಇಂಧನವೂ ಉಳಿಯಗೊಡುತ್ತಿರಲಿಲ್ಲ. ಹರಳೆಣ್ಣೆ ಒಳಗೇ ಉಳಿದರೆ ಅಂಟಾಗಿ ಸೂಜಿಯನ್ನು ಹಿಡಿದುಬಿಡುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ, ಸ್ಟೀಲಿನ ಬಟ್ಟಲಲ್ಲಿ ಮೆಥನಾಲಿಗೆ ಹಾಕಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜುವರು. ತೂತು ಕಟ್ಟಿಕೊಂಡಿದೆಯೆಂದು ನಾನೊಮ್ಮೆ ಪಿನ್ನು ತಂದು ಕೊಟ್ಟೆ. "ತೆಗಿ ಅದನ್ನ! ತೂತು ಅಗಲಾದ್ರ ಮುಗೀತು ಕತಿ. ಊದಬೇಕು, ಚುಚ್ಚಬಾರದು," ಎಂದು ಬೈದಿದ್ದರು. ಬೈದು ಐದು ನಿಮಿಷಕ್ಕೆ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟರು.

ಅಂಥವರ ಕಿವಿ ಕೈಕೊಡತೊಡಗಿತು. ಮೊದಮೊದಲು ಟಿವಿ ಜೋರಾಯಿತು. ಆಮೇಲೆ ಬಾಗಿಲ ಗಂಟೆ ಕೇಳದಾಯಿತು. ಮಗಳು ಬೆಳಗಾವಿಯಿಂದ ಬಂದು ಕಿವಿಗೆ ಮಷಿನ್ ಹಾಕಿಸಿದಳು. ಮನೆಯ ಮಾತಿಗೆ ಅದು ಆಗುತ್ತಿತ್ತು, ಎಂಜಿನ್ ಹತ್ತಿರ ಹೋದರೆ ಬರೀ ಕರ್ಕಶ. "ತಗಡು ಕೆರದಂಗ ಕೇಳ್ತೈತಿ," ಎಂದು ತೆಗೆದು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಒಂದು ಭಾನುವಾರ, ರಿಮೋಟು ಹಿಡಿದು ಹಾರಿಸುವ ಅವರ ರೇಡಿಯೊ ವಿಮಾನದ ಎಂಜಿನ್ ಗಾಳಿಯಲ್ಲೇ ನಿಂತುಹೋಯಿತು. ಎಲ್ಲರೂ ಕೂಗಿದರು. ಆಂಟಿಗೆ ಎಂಜಿನ್ ನಿಂತದ್ದೂ ಕೇಳಲಿಲ್ಲ, ಕೂಗೂ ಕೇಳಲಿಲ್ಲ. ಓಡುವ ಎಂಜಿನ್ ಎಂದೇ ತಿಳಿದು ಮೂತಿ ಎತ್ತಿದರು. ವಿಮಾನ ವೇಗ ಕಳೆದುಕೊಂಡು ತಲೆಕೆಳಗಾಗಿ, ಕುರ್ಚಿ ಹಾಕಿಕೊಂಡು ಕೂತಿದ್ದವರ ಪಕ್ಕದಲ್ಲೇ ಬಂದು ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಗುಂಪನ್ನು ನೋಡಿಕೊಳ್ಳುತ್ತಿದ್ದ ಸೆಕ್ರೆಟರಿ, ಒಳ್ಳೆಯ ಮನುಷ್ಯ, ಮುಖ ಸಣ್ಣದು ಮಾಡಿಕೊಂಡು ಬಂದರು.

"ಬೇಜಾರ್ ಮಾಡ್ಕೋಬೇಡಿ ಆಂಟಿ. ಸೌಂಡ್ ಕೇಳ್ದೇ ಇರೋರು ಎಂಜಿನ್ ಹಾರಿಸಬಾರ್ದು. ಇವತ್ತು ಯಾರ ತಲೆ ಮೇಲಾದ್ರೂ ಬಿದ್ದಿದ್ರೆ? ಬ್ಯಾಟರಿಗೆ ಬಂದ್ಬಿಡಿ, ಟ್ಯೂನಿಂಗ್ ಗೋಳೇ ಇರಲ್ಲ."

ಆಂಟಿಗೆ ಅರ್ಧವೂ ತಿಳಿಯಲಿಲ್ಲ. ನನ್ನ ಮುಖ ನೋಡಿದರು. ಆ ಮಾತನ್ನು ಅವರ ಕಿವಿಯ ಬಳಿ ಬಾಯಿಟ್ಟು, ಎಲ್ಲರೆದುರು, ನಾನೇ ಕೂಗಿ ಹೇಳಬೇಕಾಯಿತು. ಕೇಳಿಸಿಕೊಂಡು ತಲೆಯಾಡಿಸಿದರು. ಮುರಿದ ರೆಕ್ಕೆಗಳನ್ನು ಹೆಕ್ಕಿಕೊಂಡು ಆಟೊ ಹತ್ತಿದರು.

ಕೆಲವು ದಿನ ತಾರಸಿಗೆ ಬರಲೇ ಇಲ್ಲ. ಮುಗಿಯಿತು ಎಂದುಕೊಂಡಿದ್ದೆ. ಆಮೇಲೊಂದು ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅಟ್ಟದಿಂದ ಒಂದು ಉದ್ದನೆಯ ಪೆಟ್ಟಿಗೆ ಇಳಿಸಿಕೊಂಡು ಕೂತಿದ್ದರು. ಒಳಗೆ ಅವರು ಕಾಲೇಜಿನಲ್ಲಿ ಹಾರಿಸುತ್ತಿದ್ದ ಮರದ ವಿಮಾನ. ಅದಕ್ಕೆ ರೇಡಿಯೊ ಇಲ್ಲ. ಎರಡು ತೆಳುವಾದ, ಉದ್ದನೆಯ ಉಕ್ಕಿನ ತಂತಿಗಳ ಒಂದು ತುದಿ ವಿಮಾನಕ್ಕೆ, ಇನ್ನೊಂದು ತುದಿ ಕೈಯಲ್ಲಿನ ಹಿಡಿಕೆಗೆ. ನಡುವೆ ನಿಂತವರ ಸುತ್ತ ವಿಮಾನ ಸುತ್ತುತ್ತದೆ. ಮಣಿಕಟ್ಟು ಬಾಗಿಸಿದಂತೆ ಏಳುತ್ತದೆ, ಇಳಿಯುತ್ತದೆ.

"ಎಂಜಿನ್ ಜಗ್ಗೂದು ತಂತಿಯೊಳಗ ಬರ್ತೈತಿ. ನನ್ನ ಕೈ ಏನು ಕಿವುಡಾಗಿಲ್ಲಲಾ," ಎಂದರು.

ಆದರೆ ನೆಲದ ಮೇಲೆ ಸೂಜಿ ಸರಿಮಾಡುವುದು ಹೇಗೆ? ವೇಗ ಅಳೆಯುವ ಮೀಟರ್ ತರಿಸಿಕೊಡುತ್ತೇನೆಂದೆ. ತರಿಸಿದೆವು ಕೂಡ, ಬಿಸಿಲಿನಲ್ಲಿ ಅದರ ಅಂಕೆಗಳೇ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಕೊನೆಗೆ ಅವರೇ ದಾರಿ ಹುಡುಕಿದರು. ಎಂಜಿನ್ ಓಡುತ್ತಿದ್ದಾಗ ಮೇಜಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ಕೂರುವರು. ನಾನು ಎದುರು ನಿಂತು ಕೇಳುವುದು. ಅವರು ಅಂಗೈಗೆ ತಿಳಿದದ್ದನ್ನು ಹೇಳುವರು, ನಾನು ಕಿವಿಗೆ ಕೇಳಿದ್ದಕ್ಕೆ ಹೆಬ್ಬೆರಳು ಮೇಲೆ ಕೆಳಗೆ ಮಾಡಿ ಉತ್ತರಿಸುವೆ. ಇಂಧನ ಹೆಚ್ಚಾದಾಗ ಒರಳಲ್ಲಿ ಕುಟ್ಟಿದಂತೆ ದಡದಡ. ಕಡಿಮೆಯಾದಾಗ ಕೈಗೆ ಇರುವೆ ಹರಿದಂತೆ ಜುಂ. ಎರಡರ ನಡುವೆ ಎಲ್ಲೋ ಒಂದು ಕಡೆ, ತಿರುಪಿನ ಒಂದೆರಡು ಹಲ್ಲಿನ ಅಂತರದಲ್ಲಿ, ಸರಿಯಾದ ಜಾಗ.

ಸುಲಭವಾಗಿರಲಿಲ್ಲ. ತಪ್ಪಿ, ಎಂಜಿನ್ ಕಾಯ್ದು ಪ್ಲಗ್ಗುಗಳು ಸುಟ್ಟುಹೋದವು. ಒಮ್ಮೆ ಪ್ರೊಪೆಲ್ಲರ್ ಆಂಟಿಯ ಬೆರಳು ಸೀಳಿತು. ಎದುರು ಮನೆಯವರು ಸದ್ದಿಗೆ ಜಗಳ ತೆಗೆದರು. "ನನಗೇನೂ ಕೇಳ್ಸಂಗಿಲ್ರೀ!" ಎಂದು ಆಂಟಿ ಅವರಿಗೆ ನಗುತ್ತ ಕೈಮುಗಿದರು. ಒಂದು ಸಂಜೆ ಮಾತ್ರ ಮೇಜಿನ ಮೇಲೆ ಹಣೆಯಿಟ್ಟು ಅತ್ತದ್ದನ್ನು ನಾನು ನೋಡಿದ್ದೇನೆ. ಮರುದಿನ ಬೆಳಿಗ್ಗೆ ಮತ್ತೆ ಅಂಗೈಯಿಟ್ಟು ಕೂತಿದ್ದರು. ನಿಧಾನವಾಗಿ ನನ್ನ ಹೆಬ್ಬೆರಳಿನ ಕಡೆ ನೋಡುವುದನ್ನೇ ಬಿಟ್ಟರು.

ಚಳಿಗಾಲ ಕಳೆದ ಮೇಲೆ ಬಯಲಿಗೆ ಹೋದೆವು. ಸೆಕ್ರೆಟರಿ ನಮ್ಮನ್ನು ಕಂಡು ಎದ್ದು ಬಂದರು, ಬೇಡ ಅನ್ನಲೂ ಆಗದೆ ನಿಂತರು. ಆಂಟಿ ಅವರನ್ನೇ ಕರೆದು, "ನೀವೇ ಕೇಳ್ರಿ ಸರ್. ಸರಿ ಇಲ್ಲಂದ್ರ ಈಗಿಂದೀಗ ಮನಿಗೆ ಹೋಗ್ತೀನಿ," ಎಂದರು. ರೆಕ್ಕೆಯ ಬುಡದಲ್ಲಿ ಅಂಗೈಯಿಟ್ಟು ಸೂಜಿ ತಿರುಗಿಸಿದರು, ನಳಿಗೆ ಹಿಸುಕಿ ಬಿಟ್ಟರು, ಮೂತಿ ಎತ್ತಿದರು. ಗಾಳಿಯಲ್ಲಿ ಎಂಜಿನ್ನಿಗೆ ಇಂಧನ ತುಸು ಕಡಿಮೆಯಾಗುತ್ತದೆಂದು ಸೂಜಿಯನ್ನು ಒಂದಿಷ್ಟು ತೆರೆದೇ ಬಿಟ್ಟರು. ಸೆಕ್ರೆಟರಿ ಬಗ್ಗಿ ಕೇಳಿದರು, ಎದ್ದು ನಿಂತು, "ಕರೆಕ್ಟಾಗಿದೆ ಕಣ್ರೀ," ಎಂದು ನನಗೆ ಹೇಳಿದರು. ಎಲ್ಲರನ್ನೂ ತಾವೇ ದೂರ ಸರಿಸಿದರು.

ನಾನು ವಿಮಾನ ಹಿಡಿದುಕೊಂಡೆ. ಆಂಟಿ ನಡುವೆ ನಿಂತು ಹಿಡಿಕೆ ಎತ್ತಿದರು. ಬಿಟ್ಟೆ.

ಎರಡು ಸುತ್ತು ನೇರ. ಆಮೇಲೆ ಮೇಲೇರಿ ಗಾಳಿಯಲ್ಲೇ ಪೂರ್ತಿ ಒಂದು ಲಾಗ, ಮತ್ತೊಂದು ಲಾಗ. ಆಮೇಲೆ ತಲೆಕೆಳಗಾಗಿ ಹಾರಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ವಯಸ್ಸಿನಲ್ಲಿ, ವಿಮಾನದ ಜೊತೆಗೇ ಗರಗರ ತಿರುಗುತ್ತಿದ್ದರು. ಹುಡುಗರು ತಮ್ಮ ಬ್ಯಾಟರಿ ವಿಮಾನ ಕೆಳಗಿಟ್ಟು ನೋಡುತ್ತಿದ್ದರು. ಇನ್ನೊಂದು ಲಾಗಕ್ಕೆಂದು ವಿಮಾನ ಏರಿತು… ಇದ್ದಕ್ಕಿದ್ದಂತೆ ಆಂಟಿ ಅದನ್ನು ನೇರ ಮಾಡಿ ಕೆಳಗಿಳಿಸಿದರು. ಸದ್ದು ಚೆನ್ನಾಗಿಯೇ ಇತ್ತು. "ಯಾಕೆ ಇಳಿಸಿದ್ರು?" ಎಂದ ಒಬ್ಬ ಹುಡುಗ. ಅವನ ಮಾತು ಮುಗಿಯುವ ಮೊದಲೇ ಸದ್ದು ಒಮ್ಮೆ ಮೊನಚಾಗಿ ಎಂಜಿನ್ ನಿಂತಿತು. ಇಂಧನ ಮುಗಿದಿತ್ತು. ಅಷ್ಟರಲ್ಲಿ ಆಂಟಿ ತಂತಿ ಸಡಿಲವಾಗದಂತೆ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ವಿಮಾನ ಮೆಲ್ಲಗೆ ನೆಲ ಮುಟ್ಟಿ, ಧೂಳೆಬ್ಬಿಸಿ ನಿಂತಿತು.

ಸೆಕ್ರೆಟರಿ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು, ಅವರಿಗೆ ಕಾಣುವಂತೆ. ಆಂಟಿ ಓಡುತ್ತಲೇ ನನ್ನ ಬಳಿ ಬಂದು, "ನಿಮಗೆಲ್ಲಾ ಕಿವಿ ಅದಾವಲ್ಲ, ನಿಮಗಿಂತ ಮೊದಲ ನನ್ನ ಕೈಗೆ ಗೊತ್ತಾತು! ನೋಡಿದೇನ?" ಎಂದರು. ವಿನಯ ಅವರ ಜಾಯಮಾನದಲ್ಲೇ ಇರಲಿಲ್ಲ. ಆ ವಾರವೆಲ್ಲ ಹಾಲಿನವನಿಗೆ, ಹೂವಿನವಳಿಗೆ, ಜಗಳವಾಡಿದ್ದ ಎದುರು ಮನೆಯವರಿಗೆ ಕೂಡ ಕತೆ ಹೇಳಿದರು. ನಾನೇನು ಕಡಿಮೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿದೆ.

ಆಮೇಲೆ ನನಗೆ ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ಕಿತು. ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಹಬ್ಬಕ್ಕೆ ಹೋಗಿಬರುತ್ತಿದ್ದೆ. ಆಂಟಿ ಕೊನೆಯವರೆಗೂ ಹಾರಿಸಿದರು. ಒಂದು ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲವೆಂದು ಮಗಳು ಫೋನ್ ಮಾಡಿದಳು. ಮಣ್ಣು ಮಾಡಲು ಊರಿಗೇ ಒಯ್ದರು. ಎಂಜಿನ್ ನನಗೆ ಕೊಡಬೇಕೆಂದು ಮೊದಲೇ ಹೇಳಿಟ್ಟಿದ್ದರಂತೆ.

ಈಗ ಆ ಬಯಲು ಪೂರ್ತಿ ಮನೆಗಳು. ಗುಂಪು ಇನ್ನೂ ದೂರ, ಊರಾಚೆ ಹೋಗಿದೆ. ಹೋದ ಭಾನುವಾರ ಸೆಕ್ರೆಟರಿ ಕರೆಸಿದ್ದರು, ಹೊಸಬರು ಕೆಲವರಿಗೆ ಎಂಜಿನ್ ಕಲಿಯುವ ಆಸೆ, ಹೇಳಿಕೊಡುವವರಿಲ್ಲ. ಹೋಗಿ ಸೂಜಿ ಸರಿಮಾಡಿ ತೋರಿಸಿದೆ. ನಡುವೆ ಒಮ್ಮೆ ರೆಕ್ಕೆಯ ಬುಡದಲ್ಲಿ ಅಂಗೈಯಿಟ್ಟು ಕಣ್ಣು ಮುಚ್ಚಿದೆ. ಬರೀ ನಡುಕ, ಬೇರೇನೂ ತಿಳಿಯಲಿಲ್ಲ. ಅವರ ಅಂಗೈ ಅವರ ಜೊತೆಗೇ ಹೋಯಿತು…

"ಯಾರ್ ಹತ್ರ ಕಲಿತ್ರಿ ಮೇಡಂ?" ಎಂದು ಒಬ್ಬ ಹುಡುಗಿ ಕೇಳಿದಳು.

"ನಮ್ಮ ಓನರ್ ಆಂಟಿ ಹತ್ರ," ಎಂದೆ, ಎಂಜಿನ್ ಸದ್ದನ್ನೂ ಮೀರಿ, ಬಯಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.