ನೆಂಟರ ಮುಂದೆ ಕೆಮ್ಮದ ಊರು

ನರಿನ್ ಸೀಮೆಯ ಕರಾ-ಜಿಲ್ಗಾ ಹಳ್ಳಿಗೆ ಬುರುಲಕ್ಕನೇ ಫೆಲ್ಡ್‌ಷರ್. ಅಂದರೆ ಹೆರಿಗೆ ಮಾಡಿಸುವುದರಿಂದ ಹೆಣದ ಕಣ್ಣು ಮುಚ್ಚುವವರೆಗೆ ಎಲ್ಲ ಅವಳದೇ. ಡಾಕ್ಟರೆಂಬ ಹೆಸರು ಮಾತ್ರ ಪಟ್ಟಣದವರದು. ಅವಳ ಓಡಾಟಕ್ಕೆ ಸರ್ಕಾರ ಪೆಟ್ರೋಲು ಮಂಜೂರು ಮಾಡಿತ್ತು. ಅವಳಿಗಿದ್ದದ್ದು ಕುದುರೆ. ಹುಲ್ಲಿಗೆ ದುಡ್ಡು ಕೇಳಿದಾಗ, ಕುದುರೆಯ ಎಂಜಿನ್ ನಂಬರು ಕಳಿಸಿರೆಂದು ಉತ್ತರ ಬಂದಿತ್ತು.

ಆ ವರ್ಷ ಹಿಮ ಬೀಳುವ ಮೊದಲು, ಊರಿಗೆ ಫೆಲ್ಡ್‌ಷರ್ ಬೇಕೋ ಬೇಡವೋ ನೋಡಲು ಜಿಲ್ಲೆಯಿಂದ ಸಾಹೇಬರು ಹೊರಟರು. ಬೇಡವೆಂದರೆ ಅನುದಾನ ನಿಂತಂತೆಯೇ. ಆಸ್ಪತ್ರೆಯಿರುವುದು ಕಣಿವೆಯಾಚೆ, ಚಳಿಗಾಲ ಬಂದರೆ ಆ ದಾರಿ ತೋಳಗಳಿಗಷ್ಟೇ.

"ಇರೋ ಕಾಯಿಲೆ ಇದ್ದಂಗೆ ಹೇಳ್ರಪ್ಪಾ, ಅಷ್ಟು ಸಾಕು," ಎಂದು ಬುರುಲಕ್ಕ ಮನೆಮನೆಗೂ ಹೇಳಿಬಂದಳು. ಎಲ್ಲರೂ ತಲೆಯಾಡಿಸಿದರು.

ಸಾಹೇಬರು ಬಂದರು. ಕುರಿ ಬಿತ್ತು. ಬೆಂದ ತಲೆಯನ್ನು ಮರ್ಯಾದೆಯ ಪಾಲೆಂದು ಹಿರಿಯ ಸಾಹೇಬನ ಮುಂದಿಟ್ಟರು. ಊಟಕ್ಕೆ ಕೂತ ನೆಂಟರೆದುರು ಗೋಳು ತೋಡಿಕೊಳ್ಳುವ ಹೀನಬುದ್ಧಿ ಆ ಊರಿನ ಏಳು ತಲೆಮಾರಿಗಿಲ್ಲ.

"ಆರೋಗ್ಯ ಹೇಗಿದೆ ಅಜ್ಜಾ?" ಎಂದ ಸಾಹೇಬ.

ದಿನ ಬಿಟ್ಟು ದಿನ ಬಿ.ಪಿ. ನೋಡಿಸಿಕೊಳ್ಳುವ ಎಸೆನ್‌ಕುಲ್ ಅಜ್ಜ ಎದೆ ಉಬ್ಬಿಸಿದ. "ಕಲ್ಲಿದ್ದಂಗೆ ಇದೀನಿ."

ಉಬ್ಬಸದ ಜಾನಿಲ್ ಕೆಮ್ಮನ್ನು ನುಂಗಿಕೊಂಡೇ ಹುಳಿ ಬಂದ ಕುದುರೆ ಹಾಲಿನ ಕುಮಿಸ್ ಬಗ್ಗಿಸಿದಳು. "ನಮ್ಮೂರ ಗಾಳಿಗೆ ಕಾಯಿಲೆ ಎಲ್ಲಿಂದ ಬರ್ಬೇಕು ಸ್ವಾಮಿ? ನೀವು ತಿನ್ನಿ."

"ಅಜ್ಜಾ, ಬಿ.ಪಿ. ವಿಷಯ ಹೇಳು," ಎಂದು ಬುರುಲಕ್ಕ ಹಲ್ಲು ಕಡಿದಳು.

"ಅನ್ನದ ಮುಂದೆ ಅಂಥ ಮಾತೇನೇ? ಮುಚ್ಚು ಬಾಯಿ."

ಸಾಹೇಬ ಅವಳತ್ತ ತಿರುಗಿದ. "ನಿಮಗೆ ಕೆಲಸ ಕಷ್ಟವೇನಮ್ಮ?"

ಅವಳೂ ಆ ಮಣ್ಣಿನ ಮಡಕೆಯೇ ತಾನೆ. ಮನಸ್ಸು ತಡೆಯುವ ಮೊದಲೇ ನಾಲಿಗೆ ಹೊರಳಿತು: "ಏನಿಲ್ಲ, ಆರಾಮಾಗಿದೆ. ಇನ್ನೊಂದು ತುಂಡು ಹಾಕ್ಕೊಳ್ಳಿ."

ಸಾಹೇಬ ಕೈಯ ಜಿಡ್ಡು ಒರೆಸಿಕೊಂಡು ಸಂತೋಷದಿಂದ ತೀರ್ಪು ಕೊಟ್ಟ. "ಇಷ್ಟು ಗಟ್ಟಿ ಊರಿಗೆ ದುಡ್ಡು ದಂಡ. ಮುಂದಿನ ತಿಂಗಳಿಂದ ಪಾಪ, ಕಾಯಿಲೆ ಇರೋ ಊರಿಗೆ ಕೊಡೋಣ."

ಜೀಪಿನ ಧೂಳು ಅಡಗುವ ಮೊದಲೇ ಬುರುಲಕ್ಕನ ಬಾಗಿಲಲ್ಲಿ ಸಾಲು ನಿಂತಿತು. ಎಲ್ಲರಿಗಿಂತ ಮುಂದೆ ಎಸೆನ್‌ಕುಲ್, ಅಂಗಿಯ ತೋಳು ಮಡಚಿಕೊಂಡು.

"ಕಲ್ಲಿಗೂ ಬಿ.ಪಿ. ಬರುತ್ತೇನಜ್ಜಾ?" ಎನ್ನುತ್ತಲೇ ಬುರುಲಕ್ಕ ಪಟ್ಟಿ ಸುತ್ತಿದಳು.

"ನೆಂಟರ ಮುಂದೆ ಕೆಮ್ಮಿದ್ರೆ ಊರ ಮರ್ಯಾದೆ ಏನಾಗ್ಬೇಕೇ?"

"ಇನ್ಮೇಲೆ ಆ ಮರ್ಯಾದೇನೇ ಅರೆದು ಕುಡೀರಿ, ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ."

ಅಜ್ಜ ಗಡ್ಡ ನೀವಿಕೊಂಡ. "ಹೆದರಬೇಡ ಮಗಳೇ. ಅವ್ರನ್ನ ಇನ್ನೊಂದ್ಸಲ ಕರೆಯೋಣ. ಕುರಿ ಕಡಿಮೆ ಆಯ್ತೋ ಏನೋ. ಈ ಸಲ ಕುದುರೇನೇ ಕಡಿಯೋಣ."

"ಯಾರ ಕುದುರೆ?"

ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು.

"ನಿಂದೇ," ಎಂದ ಅಜ್ಜ ಮೆಲ್ಲಗೆ. "ಹೆಂಗೂ ಮುಂದಿನ ತಿಂಗಳಿಂದ ನಿಂಗೆ ಅದರ ಕೆಲಸ ಇರಲ್ವಲ್ಲ."