ಕಾರಿನ ಗಾಲಿಗೆ ಹೊಯ್ದ ನೀರು

ಕಾದ ಕಬ್ಬಿಣದ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೂಗಿಗಿಂತ ಮೊದಲು ಗಂಟಲಿಗೆ ತಾಕುವ ವಾಸನೆ. ಹೋದ ತಿಂಗಳು ಶಹಾಪುರದ ಟೈರ್ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಗ ಅದು ಬಂತು. ಮೊಮ್ಮಗಳ ಕಾರು ಪಂಕ್ಚರ್ ಆಗಿತ್ತು. ಟೈರು ಕಳಚುವಾಗ ಅಂಗಡಿಯವನ ಯಂತ್ರ ಗಾಲಿಯ ಅಂಚನ್ನೇ ಬಗ್ಗಿಸಿಬಿಟ್ಟಿತ್ತು. "ಪಂಕ್ಚರ್ ತೆಗೀರಿ ಅಂತ ಕೊಟ್ರ ಗಾಲಿನೇ ಕೆಡಿಸಿದ್ರಲ್ರಿ" ಎಂದು ಅವಳು ಜಗಳ ತೆಗೆದಿದ್ದಳು. ಅವನು ಯಂತ್ರವನ್ನು ಬೈಯುತ್ತ, ಗ್ಯಾಸಿನ ಉರಿಯಲ್ಲಿ ಅಂಚು ಕಾಯಿಸಿ, ಬಡಿದು, ಮೇಲೊಂದು ಚೆಂಬು ನೀರು ಸುರಿದ. ಚುಂಯ್ ಎಂದಿತು. ಆಮೇಲೆ ಅವರ ಜಗಳ ನನ್ನ ಕಿವಿಗೆ ಬೀಳಲಿಲ್ಲ...

ನಿಜಾಮರ ರಾಜ್ಯ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಶಾಲೆಗಳಲ್ಲಿ ಉರ್ದುವಿನ ಜಾಗಕ್ಕೆ ಕನ್ನಡ ಬರುತ್ತಿತ್ತು, ಕಲಿಸುವವರು ಮಾತ್ರ ಸಿಗುತ್ತಿರಲಿಲ್ಲ. ಗುಲ್ಬರ್ಗದಲ್ಲಿ ಶಿಕ್ಷಕಿಯರ ತರಬೇತಿಗೆ ನಾನು ಅರ್ಜಿ ಹಾಕಿದ್ದೆ. ಸಂದರ್ಶನ ಬೆಳಿಗ್ಗೆ; ಅದಕ್ಕೆ ಹಿಂದಿನ ದಿನವೇ ನಮ್ಮೂರು ಸುರಪುರದಿಂದ ಯಾದಗಿರಿಗೆ ಹೋಗಿ ಸಂಜೆಯ ರೈಲು ಹಿಡಿಯಬೇಕು. ಅಪ್ಪನಿಗೆ ಮನಸ್ಸಿರಲಿಲ್ಲ. ಕಕ್ಕೇರಾದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಅವ್ವ ಎರಡು ದಿನ ಒಲೆ ಹಚ್ಚದೆ ಕೂತ ಮೇಲೆ ಅಪ್ಪ ಒಪ್ಪಿದ್ದ. "ಇದೊಂದ ಸಲ. ತಪ್ಪಿತಂದ್ರ ಮತ್ತ ಅದರ ಹೆಸರ ಎತ್ತಬ್ಯಾಡ" ಎಂದಿದ್ದ. ಅಪ್ಪ ಒಂದು ಮಾತು ಆಡಿದರೆ ಮುಗಿಯಿತು.

ಹೊರಡುವ ದಿನ ಬಸ್ಸು ಬರಲಿಲ್ಲ. ಪಕ್ಕದ ಮನೆಯ ವಕೀಲರು ತಮ್ಮ ಹಳೆಯ ಕಾರು ಕೊಟ್ಟು, ಡ್ರೈವರನನ್ನೂ ಕಳಿಸಿದರು. ಶಹಾಪುರ ಇನ್ನೂ ದೂರವಿರುವಾಗ ಹಿಂದಿನ ಗಾಲಿ ಕುಂತಿತು. ಜೊತೆಗಿಟ್ಟುಕೊಳ್ಳಬೇಕಾದ ಇನ್ನೊಂದು ಗಾಲಿ ಕಾರಿನಲ್ಲಿ ಇರಲೇ ಇಲ್ಲ. ಟ್ಯೂಬಿಗೆ ಹಚ್ಚುವ ತುಂಡು, ಅಂಟು, ಪಂಪು ಎಲ್ಲ ಡ್ರೈವರನ ಹತ್ತಿರ ಇದ್ದವು. ಆದರೆ ಟೈರು ತುಕ್ಕಿಗೆ ಕಚ್ಚಿಕೊಂಡು ಗಾಲಿ ಬಿಟ್ಟು ಬರಲೊಲ್ಲದು. ಅಪ್ಪ ಬೇವಿನ ನೆರಳಿಗೆ ನಿಂತು, "ಊರು ಬಿಟ್ಟ ಕೂಡ್ಲೆ ಗಾಲಿ ಕುಂತದ. ಮನಿಗಿ ಹೊಳ್ಳಿ ಹೋಗೂಣು" ಎಂದ. ನನಗೆ ಅಳು ಬಂತು. ಅಪ್ಪ ನೋಡಬಾರದೆಂದು ದೂರದ ಗುಡ್ಡ ನೋಡಿದವಳ ಹಾಗೆ ಅತ್ತ ತಿರುಗಿ ನಿಂತೆ.

ರಸ್ತೆಯ ಆಚೆ ಒಂದು ಕುಲುಮೆ ಇತ್ತು. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಕಮ್ಮಾರನದು. ಗಿಡ್ಡ ಆಳು, ಹುಬ್ಬು ಸುಟ್ಟು ಬೋಳಾಗಿದ್ದವು. ಕಾರಿನ ಗಾಲಿಯನ್ನು ಅವನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಟೈರು ಬಿಡಿಸಿ ಕೊಡು ಎಂದು ಡ್ರೈವರ್ ಕೇಳಿದ್ದಕ್ಕೆ, "ಅಷ್ಟೇ ಹೌದಲ್ಲ?" ಎಂದು ಗಾಲಿಯನ್ನು ಮಲಗಿಸಿ, ಹಳೆಯ ಪಟ್ಟಿ ಕಳಚುವಾಗ ಹೊಡೆಯುವ ಹಾಗೆಯೇ ಅಂಚಿಗೆ ಸುತ್ತಿಗೆ ಎತ್ತಿ ಹೊಡೆದ. ಎರಡೇ ಏಟಿಗೆ ಟೈರು ಸಡಿಲಾಯಿತು. ಗಾಲಿಯ ಅಂಚೂ ಅಂಗೈ ಅಗಲ ಒಳಗೆ ಮಡಚಿಕೊಂಡಿತು.

ಡ್ರೈವರ್ ತಲೆ ಮೇಲೆ ಕೈಹೊತ್ತು ಕುಂತ. "ಇನ್ನ ಇದರ ಮ್ಯಾಲ ಟೈರ್ ಕುಂಡ್ರೂದಿಲ್ರಿ ಸಾವ್ಕಾರ್ರ" ಎಂದು ಅಪ್ಪನಿಗೆ ಹೇಳಿದ. ಅಪ್ಪ ಟ್ರಂಕು ಇಳಿಸಲು ಹೋದ, ಎದುರಿಗೆ ಬರುವ ಗಾಡಿಯಲ್ಲಿ ಊರಿಗೆ ಹೊರಡಲು. ಆಗ ಕಮ್ಮಾರ ಅಂದದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ತಪ್ಪು ನಂದ ಅದರಿ. ಗಾಡಿ ಗಾಲಿ ಅಂತ ತಿಳದು ಹೊಡದ್ನಿ. ಇದರ ಮೈ ತೆಳ್ಳಗದ. ಕುಂಡ್ರಿ, ನಾನ ಕೆಡಿಸೀನಿ, ನಾನ ಸರಿ ಮಾಡ್ತೀನಿ."

ತಪ್ಪು ನನ್ನದು ಎಂದು ಒಬ್ಬ ಗಂಡಸು ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಕ್ಕಿಲ್ಲ, ಟ್ರಂಕು ಕೈಯಲ್ಲಿ ಹಿಡಿದೇ ನಿಂತ.

ಅವನು ಟೈರು ಕಳಚಿಟ್ಟು, ಬಗ್ಗಿದ ಜಾಗದ ಸುತ್ತ ಮಾತ್ರ ಸಗಣಿಯ ಕುಳ್ಳು ಒಟ್ಟಿ ಬೆಂಕಿ ಮಾಡಿದ. ಕಬ್ಬಿಣ ಕೆಂಪಾದ ಮೇಲೆ ಸುತ್ತಿಗೆ ಮುಟ್ಟಲಿಲ್ಲ. ಕಟ್ಟಿಗೆಯ ಕೊಡತಿ ತಗೊಂಡು, ಮಗುವಿನ ಬೆನ್ನು ತಟ್ಟಿದಷ್ಟು ಮೆಲ್ಲಗೆ ಬಡಿದ. ಗಾಲಿಯನ್ನು ಗೂಟಕ್ಕೆ ಸಿಗಿಸಿ ತಿರುಗಿಸಿದ. ಒಂದು ಜೋಳದ ದಂಟು ಮುರಿದು ಅದರ ತುದಿಯನ್ನು ಅಂಚಿಗೆ ತಾಗಿಸಿ ಹಿಡಿದು ಕಣ್ಣು ಮುಚ್ಚಿದ. ಸರ್‍ರ್... ಟಕ್. ಸರ್‍ರ್... ಟಕ್. ಟಕ್ ಎಂದಲ್ಲಿ ಮತ್ತೆ ಕಾಯಿಸಿ ಮತ್ತೆ ತಟ್ಟುವುದು. ಎಷ್ಟು ಸಲವೋ. ಅತ್ತ ಡ್ರೈವರ್ ಟ್ಯೂಬಿಗೆ ತುಂಡು ಹಚ್ಚಿ ಮುಗಿಸಿದ್ದ. ಕೊನೆಗೊಮ್ಮೆ ಗಾಲಿ ತಿರುಗಿತು, ದಂಟು ಸರ್‍ರ್ ಎನ್ನುತ್ತಲೇ ಇತ್ತು, ಟಕ್ ಬರಲೇ ಇಲ್ಲ. ಅಳತೆಕಡ್ಡಿಯಿಲ್ಲ, ಯಂತ್ರವಿಲ್ಲ, ಕಾರಿನ ಗಾಲಿ ಕಂಡವನೂ ಅಲ್ಲ. ಒಂದು ದಂಟು, ಒಂದು ಕಿವಿ. ಎಷ್ಟೋ ದೊಡ್ಡದನ್ನು ಆಮೇಲೆ ನೋಡಿದ್ದೇನೆ, ಅಷ್ಟು ಬೆರಗಾಗಿಲ್ಲ.

"ನೀರು ಹೊಯ್ಯೋರು ಯಾರು?" ಎಂದ. ಅವರಲ್ಲಿ ಅದೊಂದು ಪದ್ಧತಿ. ಗಾಡಿ ಯಾರದೋ ಅವರೇ ಕಾದ ಪಟ್ಟಿಗೆ ನೀರು ಹೊಯ್ಯಬೇಕು. ಆಗಲೇ ಗಾಲಿ ಅವರ ಮಾತು ಕೇಳುತ್ತದಂತೆ. ಕಾರು ವಕೀಲರದು, ವಕೀಲರು ಊರಲ್ಲಿ. ಹಿರಿಯನೆಂದು ಅಪ್ಪ ಕೊಡ ಎತ್ತಿಕೊಂಡ. ಕಮ್ಮಾರ ಕೈ ಅಡ್ಡ ಹಿಡಿದ.

"ಊರಿಗಿ ಹೋಗಾಕಿ ಯಾರ್ರಿ?"

"ನನ್ನ ಮಗಳು" ಎಂದ ಅಪ್ಪ.

"ಹಂಗಾರ ಇವತ್ತ ಗಾಲಿ ಆಕಿದು. ಬಾ ಯವ್ವ, ನೀ ಹೊಯ್ಯಿ."

ಅಪ್ಪ ಕೊಡ ಹಿಡಿದು ನನ್ನನ್ನೇ ನೋಡಿದ. ಆಮೇಲೆ ನನ್ನ ಕೈಗೆ ಕೊಟ್ಟ. ಹೊಯ್ದೆ. ಚುಂಯ್ ಎಂದು ಉಗಿ ಎದ್ದು ಮುಖಕ್ಕೆ ಬಡಿಯಿತು. ಆ ವಾಸನೆ.

ಟೈರು ಕುಂತಿತು, ಗಾಳಿ ನಿಂತಿತು. ಯಾದಗಿರಿ ಮುಟ್ಟಿದಾಗ ರೈಲು ನಿಲ್ದಾಣದಲ್ಲೇ ಇತ್ತು. ದಾರಿಯುದ್ದಕ್ಕೂ ಅಪ್ಪ ಹೊಳ್ಳಿ ಹೋಗುವ ಮಾತೆತ್ತಲಿಲ್ಲ. ರೈಲು ಹತ್ತುವಾಗ ಮಾತ್ರ, "ಕಕ್ಕೇರಾದವ್ರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸ್ತೀನಿ" ಎಂದ.

ನನ್ನ ಮೊದಲ ನೌಕರಿ ಶಹಾಪುರದ ಹತ್ತಿರದ ಗೋಗಿಯಲ್ಲಿ. ರಜೆಗೆ ಸುರಪುರಕ್ಕೆ ಹೋಗುವಾಗೆಲ್ಲ ಬಸ್ಸಿನ ಕಿಟಕಿಯಿಂದ ಆ ಕುಲುಮೆ ಕಾಣುತ್ತಿತ್ತು, ಬೆನ್ನು ಬಗ್ಗಿಸಿದ ಅವನೂ ಕಾಣುತ್ತಿದ್ದ. ಇಳಿದು ಮಾತಾಡಿಸಬೇಕು, ನಾನು ಟೀಚರ್ ಆದೆ ಅಂತ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಬಸ್ಸು ಅಲ್ಲಿ ನಿಲ್ಲುವುದಿಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಸುಳ್ಳು, ಕೂಗಿದ್ದರೆ ನಿಲ್ಲಿಸುತ್ತಿದ್ದರು. ಮುಂದೆ ಎತ್ತಿನ ಗಾಡಿಗಳಿಗೂ ಟೈರು ಬಂದವು, ಕಬ್ಬಿಣದ ಪಟ್ಟಿ ಕೇಳುವವರು ಇಲ್ಲವಾದರು. ಒಂದು ರಜೆಯಲ್ಲಿ ನೋಡಿದರೆ ಕುಲುಮೆ ಇರಲಿಲ್ಲ, ಅವನೂ ಇರಲಿಲ್ಲ. ಈಗ ಅಲ್ಲೊಂದು ಚಹಾದಂಗಡಿ ಇದೆ.

ಟೈರ್ ಅಂಗಡಿಯ ಮುಂದೆ ಕೂತು ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಜಗಳ ಮರೆತು ಕೇಳಿದಳು. ಕೊನೆಗೆ, "ಅವರ ಹೆಸರೇನಿತ್ತಜ್ಜಿ?" ಎಂದಳು.

ಮೂವತ್ತಾರು ವರ್ಷ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು, ಒಂದನ್ನೂ ಬಿಡದೆ ಮಕ್ಕಳ ಹೆಸರು ಕೂಗಿದವಳು ನಾನು. ಆ ಪುಸ್ತಕ ನನ್ನ ಕೈಗೆ ಬರುವ ಹಾಗೆ ಮಾಡಿದವನ ಹೆಸರನ್ನು ನಾನು ಕೇಳಿರಲೇ ಇಲ್ಲ.